ಸೌಕಾರ್‌ಪೇಟೆಯ ದೋಣಿ, ಮುಕ್ಕಾಲು ಇಂಚಿನ ಲೆಕ್ಕ

ಸೌಕಾರ್‌ಪೇಟೆಯಲ್ಲಿ ದೋಣಿಗೇನು ಕೆಲಸ ಎಂದು ಊರಿನವರು ಫೋನಿನಲ್ಲಿ ನಗುತ್ತಾರೆ. ಚೆನ್ನೈ ಸೆಂಟ್ರಲ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಪೇಟೆ ಇದು. ಸೀರೆಯ ಗಂಟು, ಪಾತ್ರೆ ಅಂಗಡಿ, ಮಿಂಟ್ ಸ್ಟ್ರೀಟಿನ ಜಿಲೇಬಿ, ಇವುಗಳ ನಡುವೆ ನುಗ್ಗುವ ಕೈಗಾಡಿ. ಹಗಲಲ್ಲಿ ಇಲ್ಲಿ ಸ್ಕೂಟರ್ ತೂರಿಸುವುದೇ ಸಾಹಸ. ಇನ್ನು ಹನ್ನೆರಡು ಅಡಿಯ ದೋಣಿ ಎಲ್ಲಿ ಓಡೀತು?

ಆದರೆ ಚೆನ್ನೈಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಡಿಸೆಂಬರ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 2015ರ ಡಿಸೆಂಬರ್‌ನಲ್ಲಿ ಅಡ್ಯಾರ್ ನದಿ ಉಕ್ಕಿ ಮನೆಗಳೊಳಗೆ ಬಂದಿತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ವೇಲಚೇರಿ, ಪಳ್ಳಿಕರಣೈ, ಮುಡಿಚೂರು ಕೆರೆಗಳಂತಾದವು. ಎರಡು ಸಲವೂ ಮೀನುಗಾರರು ತಮ್ಮ ದೋಣಿಗಳನ್ನು ಬೀದಿಗಿಳಿಸಿ ಜನರನ್ನು ಹೊರತಂದರು. 2018ರ ಪ್ರವಾಹದಲ್ಲಿ ಕೇರಳದ ಮೀನುಗಾರರು ಲಾರಿಗಳಲ್ಲಿ ದೋಣಿ ಹೇರಿಕೊಂಡು ಒಳನಾಡಿಗೆ ಹೋದದ್ದೂ ನಮಗೆ ನೆನಪಿದೆ.

ಮಿಚಾಂಗ್ ನಂತರ ನಮ್ಮ ಬೀದಿಯ ಕೆಲವು ವ್ಯಾಪಾರಿಗಳು ಕೂಡಿ ಒಂದು ಅಲ್ಯೂಮಿನಿಯಂ ದೋಣಿ ಕೊಂಡರು. ಇಬ್ಬರು ಎತ್ತಬಹುದು, ಮಿನಿ ಲಾರಿಯ ಮೇಲೆ ಕೂರಿಸಬಹುದು, ಕಲ್ಲಿಗೆ ತಗುಲಿದರೆ ನೆಗ್ಗುತ್ತದೆಯೇ ಹೊರತು ಗಾಳಿದೋಣಿಯಂತೆ ತೂತಾಗಿ ಕುಸಿಯುವುದಿಲ್ಲ. ಇನ್ನೊಬ್ಬರು ತಮ್ಮ ಬಳಿಯಿದ್ದ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ದಾನ ಕೊಟ್ಟರು. ಎಂಟೆಕ್ ಓದಿದವನು ಎಂಬ ಒಂದೇ ಕಾರಣಕ್ಕೆ ಎರಡನ್ನೂ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಓದಿದ್ದು ಕಂಪ್ಯೂಟರ್ ಎಂದರೆ ಕೇಳುವವರಾರು!

ಐದು ಇಂಚಿನ ಅಂತರ

ದೋಣಿಯ ಹಿಂಬದಿಯಲ್ಲಿ ಎಂಜಿನ್ ತೂಗುಹಾಕುವ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಎಂಜಿನ್ನಿನ ಉದ್ದವನ್ನು ಈ ಗೋಡೆಯ ಎತ್ತರಕ್ಕೆ ಹೊಂದುವಂತೆ ಮಾಡಿರುತ್ತಾರೆ. ಶಾರ್ಟ್ ಶಾಫ್ಟ್ ಎಂದರೆ ಸುಮಾರು 15 ಇಂಚಿನ ಗೋಡೆಗೆ, ಲಾಂಗ್ ಶಾಫ್ಟ್ ಎಂದರೆ 20 ಇಂಚಿಗೆ, ಎಕ್ಸ್‌ಟ್ರಾ ಲಾಂಗ್ ಎಂದರೆ 25 ಇಂಚಿಗೆ. ನಮ್ಮ ದೋಣಿಯ ಗೋಡೆ 15 ಇಂಚು. ದಾನ ಬಂದ ಎಂಜಿನ್ ಲಾಂಗ್ ಶಾಫ್ಟ್. ಹಾಗೇ ತೂಗುಹಾಕಿದರೆ ಇರಬೇಕಾದುದಕ್ಕಿಂತ ಐದು ಇಂಚು ಕೆಳಗೆ ಇಳಿಯುತ್ತದೆ.

ಐದು ಇಂಚು ಸಮುದ್ರದಲ್ಲಿ ದೊಡ್ಡದಲ್ಲ ಅನ್ನಿಸಬಹುದು. ಬೀದಿಯಲ್ಲಿ ಮೊಣಕಾಲುದ್ದದ ನೀರು ನಿಂತಿದ್ದಾಗ ಅದೇ ಐದು ಇಂಚು ರಸ್ತೆ ವಿಭಜಕಕ್ಕೋ ಮುಳುಗಿದ ಬೈಕಿನ ಹ್ಯಾಂಡಲಿಗೋ ತಗುಲುತ್ತದೆ. ಆಳಕ್ಕಿಳಿದಷ್ಟೂ ನೀರಿನ ಎಳೆತ ಹೆಚ್ಚು, ಎಣ್ಣೆ ಹೆಚ್ಚು ಸುಡುತ್ತದೆ, ಚುಕ್ಕಾಣಿ ಭಾರವಾಗುತ್ತದೆ. ಎಂಜಿನ್ನಿನ ತಲೆಯೂ ನೀರಿಗೆ ಹತ್ತಿರವಾಗುವುದರಿಂದ ಹಿಂದಿನಿಂದ ಬಂದ ಅಲೆ ಅದರ ಮೇಲೇ ಬೀಳುತ್ತದೆ.

ಹಾಗಾದರೆ ಸರಿಯಾದ ಎತ್ತರ ಯಾವುದು? ಫ್ಯಾನಿನ ನೆತ್ತಿಯ ಮೇಲೆ ಛತ್ರಿಯಂತೆ ಚಾಚಿಕೊಂಡ ಚಪ್ಪಟೆ ತಟ್ಟೆಯೊಂದಿದೆ. ಪ್ರೊಪೆಲ್ಲರ್‌ಗೆ ನಮ್ಮ ಕರಾವಳಿಯಲ್ಲಿ ಫ್ಯಾನ್ ಎಂದೇ ಹೆಸರು, ನಾನೂ ಹಾಗೇ ಬರೆಯುತ್ತೇನೆ. ದೋಣಿಯ ತಳಕ್ಕೆ ಉದ್ದನೆಯ ನೇರ ಪಟ್ಟಿಯೊಂದನ್ನು ಒತ್ತಿ ಹಿಡಿದು ಹಿಂದಕ್ಕೆ ಚಾಚಿದರೆ ಅದು ಈ ತಟ್ಟೆಯ ಮಟ್ಟಕ್ಕೆ ಬರಬೇಕು, ಅಥವಾ ತಟ್ಟೆ ಅದಕ್ಕಿಂತ ಒಂದು ಇಂಚಿನೊಳಗೆ ಕೆಳಗಿರಬೇಕು. ಇದು ಸಣ್ಣ ದೋಣಿಗಳಿಗೆ ಎಲ್ಲೆಡೆ ಹೇಳುವ ಮೊದಲ ಸೂತ್ರ. ತಳ ಇಂಗ್ಲಿಷಿನ ವಿ ಆಕಾರದ್ದಾದರೆ ನಡುವಿನ ಅತಿ ಕೆಳಗಿನ ಗೆರೆಯಿಂದ ಅಳೆಯಬೇಕು. ಅಳೆಯುವಾಗ ಎಂಜಿನ್ ನೆಟ್ಟಗೆ ನಿಂತು, ತಟ್ಟೆ ದೋಣಿಯ ತಳಕ್ಕೆ ಸಮಾಂತರವಾಗಿರಬೇಕು. ಇಲ್ಲದಿದ್ದರೆ ಅಳತೆಯೇ ಸುಳ್ಳು.

ಮೆಕ್ಯಾನಿಕ್‌ಗಳು ಈ ತಟ್ಟೆಯನ್ನು ಕ್ಯಾವಿಟೇಶನ್ ಪ್ಲೇಟ್ ಎನ್ನುತ್ತಾರೆ. ಹೆಸರು ತಪ್ಪು, ಅದರ ಕೆಲಸ ಮಾತ್ರ ಸರಿ. ಕ್ಯಾವಿಟೇಶನ್ ಎಂದರೆ ರೆಕ್ಕೆಯ ಮೇಲೆ ಒತ್ತಡ ತೀರಾ ಕುಸಿದು ತಣ್ಣನೆಯ ನೀರೇ ಕುದಿದಂತೆ ಆವಿಗುಳ್ಳೆಗಳಾಗುವುದು. ಈ ತಟ್ಟೆ ತಡೆಯುವುದು ಅದನ್ನಲ್ಲ, ನೀರಿನ ಮೇಲ್ಮೈಯಿಂದ ಫ್ಯಾನ್ ಗಾಳಿಯನ್ನು ಎಳೆದುಕೊಳ್ಳುವುದನ್ನು. ಎಂಜಿನ್ ತೀರಾ ಮೇಲಿದ್ದರೆ ತಟ್ಟೆಯೂ ಕೈಚೆಲ್ಲುತ್ತದೆ. ಫ್ಯಾನ್ ನೀರಿನ ಬದಲು ನೊರೆಯನ್ನು ತಿರುವುತ್ತದೆ, ಎಂಜಿನ್ ಕಿರುಚುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಜೊತೆಗೆ, ಎಂಜಿನ್ನನ್ನು ತಂಪಾಗಿಸುವ ನೀರು ಒಳಹೋಗುವ ಕಿಂಡಿಯೂ ಅಲ್ಲೇ ಕೆಳಗಿದೆ. ಅದು ಗಾಳಿ ಹೀರಿದರೆ ಪಂಪಿನೊಳಗಿನ ರಬ್ಬರ್ ಚಕ್ರ ಬೇಗನೆ ಹಾಳಾಗುತ್ತದೆ, ಎಂಜಿನ್ ಕಾಯುತ್ತದೆ.

ಕಾಸಿಮೇಡಿನ ಮಟ್ಟ, ಕಾಸರಕೋಡಿನ ಕಿವಿ

ಸೌಕಾರ್‌ಪೇಟೆಯಿಂದ ಕಾಸಿಮೇಡು ಮೀನುಗಾರಿಕೆ ಬಂದರು ದೂರವೇನಲ್ಲ. ಅಲ್ಲಿನ ಮೆಕ್ಯಾನಿಕ್ ಅಣ್ಣನೊಬ್ಬರು ದೋಣಿ ನೋಡಿ, ‘ತಂಬಿ, ಎಂಜಿನ್ ಬದಲಿಸುವುದು ಮೊದಲ ದಾರಿ. ಅದಾಗದಿದ್ದರೆ ಗೋಡೆ ಎತ್ತರಿಸೋಣ’ ಎಂದರು. ಹೊಸದಾಗಿ ಕೊಳ್ಳುವವರು ಗೋಡೆ ಅಳೆದು ಅದಕ್ಕೆ ತಕ್ಕ ಶಾಫ್ಟ್ ಕೊಳ್ಳುವುದೇ ಸರಿ. ದಾನದ ಹಸುವಿನ ಹಲ್ಲು ಎಣಿಸುವಂತಿರಲಿಲ್ಲ, ನಾವು ಎರಡನೆಯ ದಾರಿ ಹಿಡಿದೆವು.

ಗೋಡೆ ಎತ್ತರಿಸುವುದೆಂದರೆ ಮೇಲೊಂದು ಮರದ ತುಂಡು ಇಟ್ಟು ಎಂಜಿನ್ನಿನ ತಿರುಪು ಬಿಗಿಯುವುದಲ್ಲ. ದೋಣಿಯನ್ನು ತಳ್ಳುವ ಬಲ ಹುಟ್ಟುವುದು ಕೆಳಗೆ ಫ್ಯಾನಿನಲ್ಲಿ, ಹಿಡಿತವಿರುವುದು ಮೇಲೆ. ನಡುವಿನ ಶಾಫ್ಟ್ ಸನ್ನೆಕೋಲಿನಂತೆ ಮರದ ತುಂಡನ್ನು ಮೀಟಿ ಕೀಳಲು ನೋಡುತ್ತದೆ. ಹೀಗಾಗಿ ಗಟ್ಟಿ ಹಲಗೆ ಗೋಡೆಯ ಒಳಗೂ ಹೊರಗೂ ಸಾಕಷ್ಟು ಕೆಳಗಿಳಿದು, ಆರಪಾರ ಬೋಲ್ಟುಗಳಿಂದ ಗೋಡೆಯೊಂದಿಗೆ ಒಂದಾಗಬೇಕು. ಎಂಜಿನ್ನಿನ ತಿರುಪುಗಳು ಅದುರಾಟಕ್ಕೆ ಸಡಿಲವಾಗುವುದರಿಂದ ಅದನ್ನೂ ಬೋಲ್ಟಿನಿಂದ ಬಿಗಿದು, ದೋಣಿಗೆ ಸರಪಳಿ ಹಾಕಬೇಕು.

ಅಲ್ಯೂಮಿನಿಯಂ ದೋಣಿಯಾದರೆ ಇನ್ನೊಂದು ಎಚ್ಚರ. ಉಪ್ಪುನೀರಿನಲ್ಲಿ ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ನೇರವಾಗಿ ತಾಗಿದರೆ ಎರಡೂ ಸೇರಿ ಸಣ್ಣ ಬ್ಯಾಟರಿಯಾಗುತ್ತವೆ, ಸವೆಯುವುದು ಅಲ್ಯೂಮಿನಿಯಂ. ಬೋಲ್ಟಿಗೆ ಪ್ಲಾಸ್ಟಿಕ್ ತೋಳು, ವಾಷರ್, ಸೀಲೆಂಟ್ ಹಾಕಿ ಲೋಹಗಳನ್ನು ಬೇರ್ಪಡಿಸಬೇಕು. ತಾಮ್ರವಿರುವ ಬಣ್ಣವನ್ನಂತೂ ಅಲ್ಯೂಮಿನಿಯಂ ತಳಕ್ಕೆ ಬಳಿಯಲೇಬಾರದು. ತೂತುಗಳಿಗೆ ಸೀಲೆಂಟ್ ಸರಿಯಾಗಿಲ್ಲದಿದ್ದರೆ ಗೋಡೆಯೊಳಗಿನ ಪ್ಲೈವುಡ್ ನೀರು ಕುಡಿದು ಕೊಳೆಯುತ್ತದೆ. ಹೊರಗೆ ಬೆಳ್ಳಿಯಂತೆ ಹೊಳೆಯುವ ದೋಣಿ ಒಳಗೆ ಗೆದ್ದಲು ತಿಂದ ಬಾಗಿಲಿನಂತಿರಬಹುದು.

ಕೆಲಸ ನಡೆಯುವಾಗ ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿ ಅಳಿವೆ ದಾಟಿ ನಾಡದೋಣಿ ಹಾಕಿದವರು. ನನ್ನ ಇಂಚಿನ ಲೆಕ್ಕವನ್ನೆಲ್ಲ ಕೇಳಿಸಿಕೊಂಡು, ‘ಅಳಿಯ, ಅಳತೆ ಮಾಡಿಕೋ, ಬೇಡ ಅನ್ನುವುದಿಲ್ಲ. ಆದರೆ ನೀರಿಗಿಳಿದ ಮೇಲೆ ಫ್ಯಾನಿನ ಸದ್ದು ಕೇಳು. ಎಲ್ಲರೂ ಒಂದೇ ಕಡೆ ಕೂತಾಗ ಕೇಳು’ ಎಂದರು. ಕೊನೆಯ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ.

ನೀರಿನಲ್ಲಿ ಪರೀಕ್ಷೆ

ಎಣ್ಣೂರಿನ ಹಿನ್ನೀರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ದೋಣಿ ಇಳಿಸಿದೆವು. ಗೋಡೆಯ ಮೇಲೆ ಮೂರೂವರೆ, ನಾಲ್ಕೂಕಾಲು, ಐದು ಇಂಚು, ಹೀಗೆ ಮುಕ್ಕಾಲು ಇಂಚಿನ ಅಂತರದಲ್ಲಿ ಎಂಜಿನ್ ಕೂರಿಸಲು ಮೂರು ಮಟ್ಟ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಉಳಿದದ್ದೆಲ್ಲ ಹಾಗೇ ಇರುವುದು. ಸಾಫ್ಟ್‌ವೇರಿನವರಿಗೆ ಈ ಶಿಸ್ತು ಹೊಸದಲ್ಲ. ಪ್ರತಿ ಮಟ್ಟದಲ್ಲೂ ಇಬ್ಬರು ಕೂತು ಒಮ್ಮೆ, ಐವರು ಕೂತು ಒಮ್ಮೆ ಓಡಿಸಿದೆವು. ಫೋನಿನ ಜಿಪಿಎಸ್‌ನಲ್ಲಿ ವೇಗ, ಪ್ಲಗ್ ವೈರಿಗೆ ಸುತ್ತಿದ ಸಣ್ಣ ಮೀಟರಿನಲ್ಲಿ ಎಂಜಿನ್ನಿನ ಸುತ್ತು. ಎಂಜಿನ್ನಿನ ಹಿಂದೆ ಪಿಚಕಾರಿಯಂತೆ ಚಿಮ್ಮುವ ತಂಪುನೀರಿನ ಧಾರೆಯ ಮೇಲೆ ಒಬ್ಬನ ಕಣ್ಣು.

ಐದು ಇಂಚಿನಲ್ಲಿ ತಟ್ಟೆ ತಳಕ್ಕೆ ಸರಿಸಮ. ಪುಸ್ತಕದ ಪ್ರಕಾರ ಇದೇ ಉತ್ತಮ. ಇಬ್ಬರು ಕೂತು ನೇರ ಹೋಗುವಾಗ ದೋಣಿ ಹಗುರವಾಗಿ ಓಡಿತು. ತಿರುಗಿಸುವಾಗ ಮಾತ್ರ ಫ್ಯಾನ್ ಸ್ವಲ್ಪ ಗಾಳಿ ಕುಡಿದು ಸದ್ದು ಏರಿತು. ಐವರು ಕೂತಾಗ ಅದೂ ಇಲ್ಲ. ಇದೇ ಸಾಕು ಎಂದುಕೊಂಡಾಗ ಮಾವನ ಮಾತು ನೆನಪಾಗಿ ಮೂವರನ್ನು ಮುಂಭಾಗಕ್ಕೆ ಹೋಗಲು ಹೇಳಿದೆ. ದೋಣಿಯ ಮೂತಿ ತಗ್ಗಿತು, ಹಿಂಭಾಗ ಎದ್ದಿತು, ಎಂಜಿನ್ ಕಿರುಚಿತು. ದೋಣಿ ಮುಂದೆ ಹೋಗಲಿಲ್ಲ.

ಪ್ರವಾಹದಲ್ಲಿ ಆಗುವುದು ಇದೇ ಅಲ್ಲವೇ? ಬಾಲ್ಕನಿಯಿಂದ ಅಜ್ಜಿಯೊಬ್ಬರನ್ನು ಇಳಿಸಿಕೊಳ್ಳುವಾಗ ದೋಣಿಯಲ್ಲಿರುವವರೆಲ್ಲ ಒಂದೇ ಕಡೆ ನುಗ್ಗುತ್ತಾರೆ. ಅವರು ಹತ್ತಿದ ಕೂಡಲೇ, ಭಾರ ಇನ್ನೂ ಮುಂದೆಯೇ ಇರುವಾಗ ಸೆಳವಿಗೆ ಎದುರಾಗಿ ಹಿಂದೆ ಸರಿಯಬೇಕು. ಆ ಕೆಲವು ಕ್ಷಣಗಳಲ್ಲಿ ಫ್ಯಾನ್ ನೀರು ಬಿಟ್ಟರೆ ದೋಣಿ ಅಡ್ಡ ತಿರುಗಿ ಗೋಡೆಗೋ ಕಂಬಕ್ಕೋ ಬಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಅಳಿವೆ ದಾಟುವವರಿಗೆ ಇದು ಹೊಸ ಪಾಠವಲ್ಲ. ಅಳಿವೆ ಬಾಯಲ್ಲಿ ಅಲೆಗೆ ಅಡ್ಡವಾದ ದೋಣಿ ಮಗುಚುತ್ತದೆ.

ನಾಲ್ಕೂಕಾಲಕ್ಕೆ ಇಳಿಸಿದೆವು. ತಟ್ಟೆ ತಳಕ್ಕಿಂತ ಮುಕ್ಕಾಲು ಇಂಚು ಕೆಳಗೆ. ಮೂವರು ಮುಂದೆ ಹೋದರೂ ಹಿಡಿತ ತಪ್ಪಲಿಲ್ಲ. ಮೂರೂವರೆಗೆ ಇಳಿಸಿದರೆ ಹಿಡಿತ ಹೆಚ್ಚಾಗಲಿಲ್ಲ, ಆಳ ಮಾತ್ರ ಹೆಚ್ಚಿತು. ನಾಲ್ಕೂಕಾಲೇ ಗಟ್ಟಿಯಾಯಿತು. ಗರಿಷ್ಠ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಏಕೆಂದರೆ ಐವರು ಕೂತ ಹನ್ನೆರಡು ಅಡಿಯ ದೋಣಿ ನೀರಿನ ಮೇಲೆದ್ದು ಜಾರುವುದಿಲ್ಲ, ನೀರನ್ನು ಸೀಳಿಕೊಂಡೇ ಹೋಗುತ್ತದೆ. ಎತ್ತರದ ಬಗೆಗಿನ ಬಹುಪಾಲು ಸಲಹೆಗಳು ಹಗುರ ದೋಣಿಯಲ್ಲಿ ವೇಗವಾಗಿ ಜಾರುವವರಿಗೆ ಬರೆದವು. ನಮ್ಮದು ಭಾರದ, ನಿಧಾನದ ದೋಣಿ. ಸರಿಯಾದ ಎತ್ತರವನ್ನು ದೋಣಿ ಚೆನ್ನಾಗಿ ಓಡುವ ಗಳಿಗೆಯಲ್ಲಲ್ಲ, ಅದರ ಅತಿ ಕೆಟ್ಟ ಗಳಿಗೆಯಲ್ಲಿ ಗೊತ್ತುಮಾಡಬೇಕು. ಮಾವ ಹೇಳಿದ್ದು ಇದನ್ನೇ.

ಮದ್ರಾಸಿನ ಹಳೆಯ ಪಾಠ

ಫ್ಯಾನನ್ನು ಎಷ್ಟು ಆಳದಲ್ಲಿಡಬೇಕು ಎಂಬ ಪ್ರಶ್ನೆಗೆ ಈ ಊರಿನಲ್ಲಿ ಒಂದು ಇತಿಹಾಸವೇ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಂಗಾಳ ಕೊಲ್ಲಿ ಕಾರ್ಯಕ್ರಮ 1979ರಲ್ಲಿ ಮದ್ರಾಸನ್ನು ಕೇಂದ್ರವಾಗಿಟ್ಟುಕೊಂಡು ಶುರುವಾಯಿತು. ಬಂದರಿಲ್ಲದ ಈ ತೀರದಲ್ಲಿ ಕಟ್ಟುಮರಗಳಂತೆ ಮರಳಿಗೇ ಬಂದು ನಿಲ್ಲುವ, ಆದರೆ ಎಂಜಿನ್ ಇರುವ ದೋಣಿ ಬೇಕಿತ್ತು. ಮರಳಿಗೆ ಹತ್ತಿರವಾದಾಗ ಫ್ಯಾನ್ ಮುರಿಯುವುದೇ ಸಮಸ್ಯೆ. ಅದಕ್ಕೆಂದು ಅವರು ಫ್ಯಾನನ್ನು ಶಾಫ್ಟ್ ಸಮೇತ ಮೇಲೆತ್ತಬಹುದಾದ ಏರ್ಪಾಟೊಂದನ್ನು ರೂಪಿಸಿದರು. ಚೆನ್ನೈ ತೀರದಲ್ಲಿ ಇಂದು ಕಾಣುವ ಲಾಂಗ್‌ಟೇಲ್ ಎಂಜಿನ್‌ಗಳ ಅನುಕೂಲವೂ ಅದೇ. ಹಿಡಿಕೆ ಒತ್ತಿದರೆ ಫ್ಯಾನ್ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ.

ಆ ಕಾರ್ಯಕ್ರಮದಲ್ಲಿ ದುಡಿದ ನಾರ್ವೆಯ ದೋಣಿ ವಿನ್ಯಾಸಕಾರ ಓಯ್‌ವಿಂಡ್ ಗುಲ್‌ಬ್ರಾಂಡ್ಸನ್ 2012ರಲ್ಲಿ ಸಣ್ಣ ಮೀನುಗಾರಿಕಾ ದೋಣಿಗಳ ಇಂಧನ ಉಳಿತಾಯದ ಕೈಪಿಡಿಯನ್ನು ಬರೆದರು. ಅದರ ಮುಖ್ಯ ಮಾತು ಸರಳ: ನಿಧಾನ ಹೋಗಿ. ಫ್ಯಾನ್ ತಿರುಗಿಸಲು ಬೇಕಾದ ಶಕ್ತಿ ಸುತ್ತಿನ ವೇಗದ ಸುಮಾರು ಘನದಷ್ಟು ಏರುತ್ತದೆ. ಸುತ್ತನ್ನು ಶೇ 80ಕ್ಕೆ ಇಳಿಸಿದರೆ 0.8ರ ಘನ, ಅಂದರೆ ಹೆಚ್ಚುಕಡಿಮೆ ಅರ್ಧ ಶಕ್ತಿ ಸಾಕು. ಸಬ್ಸಿಡಿ ಸೀಮೆಎಣ್ಣೆಗೆ ಕಾಯುತ್ತಾ ಕೂರುವ ನಮ್ಮ ನಾಡದೋಣಿಗಳವರಿಗೆ ಈ ಲೆಕ್ಕದ ಬೆಲೆ ಗೊತ್ತು. ತೀರಾ ಆಳಕ್ಕಿಳಿದ ಎಂಜಿನ್ ದಿನವೂ ಸ್ವಲ್ಪ ಸ್ವಲ್ಪ ಎಣ್ಣೆ ಕದಿಯುವ ಕಳ್ಳನಿದ್ದಂತೆ.

ಬೀದಿಯ ನೀರಿಗೆ ಇಳಿಯುವವರಿಗೆ ಇನ್ನೆರಡು ಮಾತು. ಆಳ ಕಡಿಮೆಯಿದ್ದಲ್ಲಿ ಎಂಜಿನ್ನನ್ನು ಸ್ವಲ್ಪ ಓರೆ ಎತ್ತಿ ನಿಲ್ಲಿಸುವ ಸೌಕರ್ಯ ಬಹುತೇಕ ಮಾದರಿಗಳಲ್ಲಿದೆ. ಆಗ ನಿಧಾನವಾಗಿಯೇ ಓಡಿಸಬೇಕು, ತಂಪುನೀರಿನ ಧಾರೆ ನಿಂತರೆ ತಕ್ಷಣ ಆಫ್ ಮಾಡಬೇಕು. ಚೆನ್ನೈಯ ನೀರಿನಲ್ಲಿ ಕಿಂಡಿಗೆ ಮೊದಲು ಅಂಟುವುದು ಪ್ಲಾಸ್ಟಿಕ್ ಚೀಲ. ಹಾಗೆಯೇ, ನೀರಿನಲ್ಲಿರುವ ಮನುಷ್ಯನ ಹತ್ತಿರ ಹೋದಾಗ ಎಂಜಿನ್ ಪೂರ್ತಿ ಆಫ್ ಆಗಿರಬೇಕು. ಓಡಿಸುವವನು ಬಿದ್ದರೆ ಎಂಜಿನ್ ನಿಲ್ಲಿಸುವ ಕೆಂಪು ದಾರ ಅವನ ಕೈಯಲ್ಲೇ ಕಟ್ಟಿರಬೇಕು.

ದೋಣಿ ಈಗ ಒಂದು ಗೋದಾಮಿನ ಮಾಳಿಗೆಯಲ್ಲಿ, ಬಟ್ಟೆಯ ಮೂಟೆಗಳ ಪಕ್ಕ ಕವುಚಿ ಮಲಗಿದೆ. ಗೋಡೆಯ ಒಳಬದಿಯಲ್ಲಿ ನಾಲ್ಕೂಕಾಲು ಇಂಚಿನ ಗುರುತಿಗೆ ಕೆಂಪು ಬಣ್ಣದ ಗೆರೆ ಎಳೆದು, ತಮಿಳು ಮತ್ತು ಹಿಂದಿಯಲ್ಲಿ ‘ಎಂಜಿನ್ ಇಲ್ಲಿಗೆ’ ಎಂದು ಬರೆಸಿದ್ದೇವೆ. ಮುಂದಿನ ಮಳೆಯಲ್ಲಿ ಅದನ್ನು ಇಳಿಸುವವರು ಯಾರೋ, ಆ ಹೊತ್ತಿಗೆ ನಾನು ಈ ಊರಿನಲ್ಲೇ ಇರುತ್ತೇನೋ ಇಲ್ಲವೋ. ಕತ್ತಲಲ್ಲಿ, ಮಳೆಯಲ್ಲಿ ಪಟ್ಟಿ ಹಿಡಿದು ಅಳೆಯುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಗೆರೆ ನೋಡಿ ಬಿಗಿದರೆ ಸಾಕು. ನಿಮ್ಮ ವಸತಿ ಸಮುಚ್ಚಯದಲ್ಲೋ ಸಂಘದಲ್ಲೋ ಇಂಥದೊಂದು ದೋಣಿ ಇದ್ದರೆ, ಬಿಸಿಲಿರುವಾಗಲೇ ಅದನ್ನು ನೀರಿಗಿಳಿಸಿ. ನಾಲ್ಕು ಜನರನ್ನು ಮುಂದೆ ಕೂರಿಸಿ, ಫ್ಯಾನಿನ ಸದ್ದು ಕೇಳಿ.