ಬೆಟ್ಟದ ಸೈಕಲ್ಲು ಕೊಳ್ಳುವವರಿಗೆ

ಭಾನುವಾರ ಬಂತೆಂದರೆ ನಾವು ನಾಲ್ಕೈದು ಮಂದಿ ತುಮಕೂರಿನಿಂದ ದೇವರಾಯನದುರ್ಗದ ಕಡೆಗೆ ಸೈಕಲ್ಲು ತಿರುಗಿಸುವುದು ವಾಡಿಕೆಯಾಗಿಬಿಟ್ಟಿದೆ. ಮೀಸಲು ಕಾಡಿನೊಳಕ್ಕೆ ಅಪ್ಪಣೆಯಿಲ್ಲದೆ ನುಗ್ಗುವಂತಿಲ್ಲ. ಆದುದರಿಂದ ಹೊಲಗಳ ನಡುವಣ ಬಂಡಿಜಾಡೇ ನಮಗೆ ಗತಿ. ಆದರೆ ಆ ಜಾಡೇನು ಸಾಮಾನ್ಯವೆ? ಗೊರಜು, ಕೊರಕಲು, ಮಳೆ ಬಿದ್ದ ಮರುದಿನ ಅಂಟು ಮಣ್ಣು. ನಮ್ಮನ್ನು ಕಂಡು ಮಿತ್ರರು ಅನೇಕರು, “ನಾನೂ ಬರುತ್ತೇನೆ, ಯಾವ ಸೈಕಲ್ಲು ಕೊಳ್ಳಲಿ?” ಎಂದು ಕೇಳುತ್ತಾರೆ. ಮೊದಲ ಸಲ ತಪ್ಪು ಸೈಕಲ್ಲನ್ನೇ ಕೊಂಡು ವಿದ್ಯಾರ್ಥಿವೇತನದ ಹಣವನ್ನೆಲ್ಲ ಕಳೆದುಕೊಂಡವನಾದ್ದರಿಂದ ಉತ್ತರ ಹೇಳುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ನಾನು ಕೊಂಡದ್ದು 9 ಸಾವಿರ ರೂಪಾಯಿಯ ಸೈಕಲ್ಲು. ಮುಂದೊಂದು ಸ್ಪ್ರಿಂಗು, ಸೀಟಿನ ಕೆಳಗೆ ಇನ್ನೊಂದು. ನೋಡುವುದಕ್ಕೆ ಮೋಟಾರು ಸೈಕಲ್ಲಿನ ತಮ್ಮನಂತಿತ್ತು. ಏರು ಹತ್ತುವಾಗ ಗುಟ್ಟು ಬಯಲಾಯಿತು. ನಾನು ಪೆಡಲನ್ನು ತುಳಿದಷ್ಟೂ ಹಿಂದಿನ ಸ್ಪ್ರಿಂಗು ಕುಗ್ಗಿ ಹಿಗ್ಗಿ, ಚಕ್ರಕ್ಕೆ ಸೇರಬೇಕಾದ ಶಕ್ತಿಯಲ್ಲಿ ತನ್ನ ಪಾಲನ್ನು ನುಂಗುತ್ತಿತ್ತು. ಮೂರನೆಯ ಭಾನುವಾರ ಹಿಂದಿನ ಕೀಲಿನ ಬೋಲ್ಟು ಎಲ್ಲಿಯೋ ಉದುರಿಹೋಯಿತು. ಅಂದು ಸೈಕಲ್ಲನ್ನು ತಳ್ಳಿಕೊಂಡು ಬಂದ ದೂರ ನನಗಿನ್ನೂ ನೆನಪಿದೆ.

ಒಳ್ಳೆಯ ಹಿಂದಿನ ಸ್ಪ್ರಿಂಗು ಇಲ್ಲವೆಂದಲ್ಲ. ಅಂತಹ ಸೈಕಲ್ಲಿನ ಬೆಲೆ ಲಕ್ಷವನ್ನು ದಾಟುತ್ತದೆ. ಅಗ್ಗದ ಸೈಕಲ್ಲಿಗೆ ಸ್ಪ್ರಿಂಗು ಸೇರಿಸಬೇಕಾದರೆ ಆ ಹಣವನ್ನು ಬ್ರೇಕಿನಿಂದಲೋ ಚಕ್ರದಿಂದಲೋ ಕದಿಯಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ಆಟವನ್ನು ಆರಂಭಿಸಿದವರ ಕಥೆ ಇಲ್ಲಿ ನೆನಪಾಗುತ್ತದೆ. 1976ರಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಗುಡ್ಡದಲ್ಲಿ ಅವರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನೇರಿ ಇಳಿಜಾರಿನ ಪಂದ್ಯ ನಡೆಸಿದರು. ಸುಮಾರು 2 ಮೈಲಿ ಇಳಿಯುವಷ್ಟರಲ್ಲಿ ಬ್ರೇಕಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ತುಂಬಬೇಕು. ಆದ್ದರಿಂದಲೇ ಆ ಹಾದಿಗೆ ‘ರೀಪ್ಯಾಕ್’ ಎಂಬ ಹೆಸರು ನಿಂತಿತು. ಅವರಲ್ಲೊಬ್ಬನಾದ ಜೋ ಬ್ರೀಜ್ ಮುಂದೆ ಇದಕ್ಕೆಂದೇ ಸೈಕಲ್ಲು ಕಟ್ಟಿದಾಗ ಗಟ್ಟಿ ಚೌಕಟ್ಟು, ಅಗಲ ಟೈರು, ಹಿಡಿಯುವ ಬ್ರೇಕು ಇವನ್ನು ಕೊಟ್ಟನೇ ಹೊರತು ಸ್ಪ್ರಿಂಗನ್ನು ಕೊಡಲಿಲ್ಲ.

ಆದ್ದರಿಂದ 15ರಿಂದ 20 ಸಾವಿರದೊಳಗೆ ಕೊಳ್ಳುವವರು ಹಿಂಬದಿ ಬಿಗಿಯಾಗಿರುವ ಸೈಕಲ್ಲನ್ನೇ ನೋಡಬೇಕು. ಚೌಕಟ್ಟಿನ ಮೇಲ್ಗೊಳವೆಯನ್ನು ಕಾಲುಗಳ ನಡುವೆ ಬಿಟ್ಟು ನಿಂತಾಗ 2 ಅಂಗುಲವಾದರೂ ತೆರಪಿರಬೇಕು. ಇಲ್ಲವಾದರೆ ಥಟ್ಟನೆ ಇಳಿಯುವಾಗ ಆಗುವ ಅನುಭವವನ್ನು ಬರೆಯಲು ಇದು ತಕ್ಕ ಪತ್ರಿಕೆಯಲ್ಲ. “ಇಪ್ಪತ್ತೊಂದು ಗೇರು ಸ್ವಾಮಿ!” ಎಂಬ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ಮುಂದಿನ ಹಲ್ಲುಗಳಿಗಿಂತ ಹಿಂದಿನ ಹಲ್ಲುಗಳು ಹೆಚ್ಚಿರುವ ಗೇರು ಒಂದಾದರೂ ಇದೆಯೇ ಎಂದು ಎಣಿಸಿ ನೋಡಿ. ಏರು ಹತ್ತಿಸುವುದು ಅದೇ. ಬ್ರೇಕು ರಿಮ್ಮನ್ನು ಹಿಡಿಯುವುದಕ್ಕಿಂತ ಡಿಸ್ಕನ್ನು ಹಿಡಿಯುವುದು ಮೇಲು. ಕೆಸರು ಮೊದಲು ಮೆತ್ತುವುದು ರಿಮ್ಮಿಗೆ. ತಂತಿಯಿಂದ ಎಳೆಯುವ ಡಿಸ್ಕೇ ಸಾಕು, ನಾವೇ ಬಿಗಿಮಾಡಿಕೊಳ್ಳಬಹುದು.

ಎಲ್ಲಕ್ಕಿಂತ ಹೆಚ್ಚಿನ ಸುಖವನ್ನು ಕೊಡುವುದು ಟೈರು. ಅಗಲ 2 ಅಂಗುಲಕ್ಕೆ ಕಡಮೆಯಿರಬಾರದು. ಅಂಗಡಿಯಲ್ಲಿ ಕಲ್ಲಿನಂತೆ ಗಾಳಿ ಬಿಗಿದು ಕೊಡುತ್ತಾರೆ. ಜಾಡಿನಲ್ಲಿ ಅದು ಪುಟಿಯುತ್ತದೆಯೇ ಹೊರತು ನೆಲವನ್ನು ಹಿಡಿಯುವುದಿಲ್ಲ. ಚದರಂಗುಲಕ್ಕೆ 30 ಪೌಂಡಿನ ಆಸುಪಾಸಿಗೆ ಇಳಿಸಿದರೆ ಟೈರೇ ಸ್ಪ್ರಿಂಗಾಗುತ್ತದೆ. ಇನ್ನೂ ಬಹಳ ಇಳಿಸಿದರೆ ಕಲ್ಲಿಗೆ ತಗುಲಿದಾಗ ರಿಮ್ಮು ಟ್ಯೂಬನ್ನು ಕಚ್ಚಿ ತೂತು ಮಾಡುತ್ತದೆ.

ಅಷ್ಟು ಹಣವೂ ಇಲ್ಲದವರು ಕೈಬದಲಾದ ಸೈಕಲ್ಲನ್ನು ಕೊಳ್ಳಬಹುದು. ಕೊಳವೆಗಳು ಕೂಡುವೆಡೆ ಸೀಳಿದೆಯೇ ನೋಡಿ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲಿನ ಬುಡದಲ್ಲಿ ಟಕಟಕ ಎಂದರೆ ಬೆಲೆಯನ್ನು ಇಳಿಸಿ ಕೇಳಿ. ಚಕ್ರವನ್ನೆತ್ತಿ ತಿರುಗಿಸಿದಾಗ ಓಲಾಡಿದರೆ ಬಿಟ್ಟು ಬನ್ನಿ. ನಾನೀಗ ಏರುತ್ತಿರುವುದು ಹಾಗೆ ಆರಿಸಿದ್ದೇ. ಮೊದಲಿನದು ಊರಿನಲ್ಲಿ ತಮ್ಮನ ಪಾಲಾಗಿದೆ. ಹಿಂದಿನ ಸ್ಪ್ರಿಂಗಿನ ಜಾಗಕ್ಕೆ ಕಮ್ಮಾರನಿಂದ ಕಬ್ಬಿಣದ ಪಟ್ಟಿ ಹಾಕಿಸಿ, ದಿನವೂ ಎರಡು ಹೊತ್ತು ಡೈರಿಗೆ ಹಾಲು ಸಾಗಿಸುತ್ತಿದ್ದಾನೆ.