ಬಿಡುವಿನ ದಿನಗಳಲ್ಲಿ ಕಳೆಯಂತ್ರದ ರಕ್ಷಣೆ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಮುಸುಕಿನ ಜೋಳದ ಕೊಯ್ಲಾದ ಮೇಲೆ ಪೆಟ್ರೋಲ್ ಕಳೆಯಂತ್ರಕ್ಕೆ ತಿಂಗಳುಗಟ್ಟಲೆ ಕೆಲಸವಿರುವುದಿಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆರಿ, ಕಾರ್ಬ್ಯುರೇಟರಿನ ರಂಧ್ರಗಳಲ್ಲಿ ಅಂಟಾಗಿ ಕಟ್ಟಿಕೊಳ್ಳುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಬೆರೆಸುವ ಎಥೆನಾಲ್ ಗಾಳಿಯ ತೇವವನ್ನು ಹೀರುವುದರಿಂದ ತುಕ್ಕೂ ಹಿಡಿಯಬಹುದು. ಬಿತ್ತನೆಯ ನಂತರದ ಮೊದಲ ತಿಂಗಳಲ್ಲಿ ಯಂತ್ರ ಕೆಟ್ಟು ನಿಂತರೆ ಕಳೆ ಮೇಲಾಗಿ ಇಳುವರಿ ಕುಗ್ಗುತ್ತದೆ.

ಆದುದರಿಂದ ರೈತ ಬಾಂಧವರು ಹೀಗೆ ಮಾಡಬೇಕು:

1. ಎಂಜಿನ್ ತಣ್ಣಗಿರುವಾಗ, ಬೆಂಕಿಯಿಂದ ದೂರ, ಬಯಲಿನಲ್ಲಿ ಟ್ಯಾಂಕನ್ನು ಬರಿದು ಮಾಡಿ. ಅನಂತರ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ.

2. ಫೋರ್ ಸ್ಟ್ರೋಕ್ ಎಂಜಿನ್ ಆದರೆ, ಬಿಸಿ ಆರುವ ಮೊದಲೇ ಹಳೆಯ ಆಯಿಲ್ ಬದಲಿಸಿ.

3. ತಣ್ಣಗಾದ ಬಳಿಕ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ಸಣ್ಣ ಚಮಚ ಎಂಜಿನ್ ಆಯಿಲ್ ಬಿಡಿ. ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು ಪ್ಲಗ್ ಕೂರಿಸಿ.

4. ಗೊಬ್ಬರದ ಮೂಟೆಗಳಿಂದ ದೂರ, ತೇವವಿಲ್ಲದ ಕಡೆ ಹಲಗೆಯ ಮೇಲೆ ಇಡಿ.