ಹೇಮಾವತಿ ಹಿನ್ನೀರಿನ ಹಡಗು

ಆಗಸ್ಟ್ ತಿಂಗಳ ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ಶೆಟ್ಟಿಹಳ್ಳಿಯ ದಡದಲ್ಲಿ ನಿಂತರೆ, ಹಿನ್ನೀರಿನ ನಡುವೆ ಲಂಗರು ಹಾಕಿ ನಿಂತ ಹಳೆಯ ಹಡಗೊಂದು ಕಾಣುತ್ತದೆ. ಚೂಪು ಕಮಾನುಗಳ ಮೇಲ್ಭಾಗ ಮಾತ್ರ ನೀರಿನಿಂದ ಹೊರಗಿದೆ. ಚಾವಣಿ ಇಲ್ಲ; ಕಮಾನಿನ ಈ ಬದಿಯಿಂದ ಆ ಬದಿಯ ಮೋಡ ಕಾಣುತ್ತದೆ. ಮುರಿದ ಗೋಡೆಯ ತುದಿಯಲ್ಲಿ ನೀರುಕಾಗೆಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದೆ. ದಡದ ಕೆಸರಿನಲ್ಲಿ ಹರಿಗೋಲು ಬೋರಲು ಬಿದ್ದಿದೆ, ಅದರ ಬಿದಿರಿನ ಹೆಣಿಗೆಗೆ ಬಳಿದ ಡಾಂಬರಿನ ವಾಸನೆ ಗಾಳಿಯಲ್ಲಿದೆ.

ಇದು ರೋಸರಿ ಚರ್ಚು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಹಾಸನದಿಂದ ಇಪ್ಪತ್ತು ಕಿಲೋಮೀಟರಿನ ಆಚೀಚೆ. ಸುಣ್ಣದ ಗಾರೆಗೆ ಬೆಲ್ಲ, ಮೊಟ್ಟೆ ಕಲಸಿದ್ದರು ಅನ್ನುವುದು ಸುತ್ತಲ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರಿನವರು ಗಂಟುಮೂಟೆ ಕಟ್ಟಿ ಎತ್ತರದ ಜಾಗಗಳಿಗೆ ಹೋದರು. ಮನೆಗಳು ಮಣ್ಣಾದವು, ಹೊಲಗಳು ಹೂಳಿನಡಿ ಸೇರಿದವು. ಚರ್ಚು ಮಾತ್ರ ಬೀಳಲಿಲ್ಲ. ಅಂದಿನಿಂದ ಪ್ರತಿ ಮಳೆಗಾಲ ಮುಳುಗುತ್ತದೆ, ಪ್ರತಿ ಬೇಸಿಗೆ ಏಳುತ್ತದೆ.

ಬೇಸಿಗೆಯಲ್ಲಿ ನೋಡಬೇಕು. ನೀರು ಹಿಂದೆ ಸರಿದು ನೆಲ ಬಿರುಕು ಬಿಟ್ಟಿರುತ್ತದೆ. ಪೂಜೆಯ ಪೀಠವಿದ್ದ ಕಡೆಯಿಂದ ಬಾಗಿಲಿದ್ದ ಕಡೆಗೆ ದನಗಳು ನಿಧಾನವಾಗಿ ನಡೆದುಹೋಗುತ್ತವೆ. ಗೋಡೆಯ ಹತ್ತಿರ ಹೋಗಿ ಕೈಯಿಟ್ಟರೆ ಅದರ ಕಷ್ಟವೆಲ್ಲ ತಿಳಿಯುತ್ತದೆ. ಒಂದರ ಮೇಲೊಂದು ನೀರಿನ ಗೆರೆಗಳು, ಒಂದೊಂದೂ ಒಂದೊಂದು ವರ್ಷದ ಮಟ್ಟ. ಗಾರೆ ಉದುರಿದ ಸಂದಿಯಲ್ಲಿ ಬಸವನಹುಳುವಿನ ಬಿಳಿ ಚಿಪ್ಪುಗಳು ಸಿಕ್ಕಿಕೊಂಡಿವೆ. ಇಟ್ಟಿಗೆಯನ್ನು ಉಗುರಿನಿಂದ ಕೆರೆದರೆ ಕೆಂಪು ಪುಡಿ ಬೆರಳಿಗೆ ಬರುತ್ತದೆ. ಮೇಲೆ ಗಾರೆಯ ಎಲೆಬಳ್ಳಿಯ ಅಲಂಕಾರ ಇನ್ನೂ ಅಚ್ಚಳಿಯದೆ ಇದೆ. ಕೆಳಗೆ ಕೈಗೆಟಕುವ ಕಡೆಯೆಲ್ಲ ಬೀಗದ ಕೈಯಿಂದ ಕೊರೆದ ಪ್ರೇಮಿಗಳ ಹೆಸರು. ಈ ಹೆಸರುಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೂರೈವತ್ತು ವರ್ಷ ದಾಟಿದ ಗಾರೆಯ ಮೇಲೆ ಕೊರೆದ ಪ್ರತಿ ಗೀರಿನಿಂದಲೂ ಮುಂದಿನ ಮಳೆಗೆ ನೀರು ಒಳಗಿಳಿಯುತ್ತದೆ.

ಚರ್ಚನ್ನು ಮುಳುಗಿಸಿದ ನೀರು ಎಲ್ಲಿಗೆ ಹೋಯಿತು? ಎಡದಂಡೆ ನಾಲೆಯಲ್ಲಿ ಚನ್ನರಾಯಪಟ್ಟಣದ ಕಡೆಗೆ ಹೋಯಿತು, ಬಾಗೂರು-ನವಿಲೆ ಸುರಂಗ ಹೊಕ್ಕು ತುಮಕೂರು ಮುಟ್ಟಿತು. ಬಲದಂಡೆಯಲ್ಲಿ ಅರಕಲಗೂಡು, ಹೊಳೆನರಸೀಪುರದ ಗದ್ದೆಗಳಿಗೆ ಇಳಿಯಿತು. ಚನ್ನರಾಯಪಟ್ಟಣದ ಸಕ್ಕರೆ ಕಾರ್ಖಾನೆಗೆ ಹೇಮಾವತಿಯದೇ ಹೆಸರು. ಜಲಾಶಯ ತುಂಬಿ 2,922 ಅಡಿ ಮುಟ್ಟಿತು ಎಂದು ಪತ್ರಿಕೆಯಲ್ಲಿ ಬಂದ ದಿನ ನಮ್ಮ ಕಡೆಯ ರೈತನ ಮುಖ ಅರಳುತ್ತದೆ. ಒಡಲಲ್ಲಿ 37 ಟಿಎಂಸಿ ನೀರಿದೆ ಅಂದರೆ ಭತ್ತದ ನಾಟಿಗೆ ಚಿಂತೆಯಿಲ್ಲ ಎಂದರ್ಥ. ಅದೇ ದಿನ ಶೆಟ್ಟಿಹಳ್ಳಿಯ ಕಮಾನುಗಳು ಕುತ್ತಿಗೆಮಟ್ಟ ಮುಳುಗಿರುತ್ತವೆ. ಇಷ್ಟೆಲ್ಲ ತಾಲ್ಲೂಕುಗಳ ಹಸಿರಿನ ಬೆಲೆಯನ್ನು ಮುಳುಗಿದ ಊರುಗಳು ಕೊಟ್ಟವು, ಆ ಊರುಗಳ ಪರವಾಗಿ ಇಂದಿಗೂ ನಿಂತಿರುವುದು ಈ ಗೋಡೆಗಳು. ಅದಕ್ಕೇ ಇದನ್ನು ಬರೀ ಪ್ರವಾಸಿ ತಾಣ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಇದು ನಾವು ತೀರಿಸಬೇಕಾದ ಋಣ.

ನೀರಿನಲ್ಲಿ ನಿಂತ ಮುಪ್ಪಿನ ದೊಡ್ಡ ವಸ್ತುವನ್ನು ಉಳಿಸುವುದು ಎಲ್ಲೂ ಸುಲಭವಾಗಿಲ್ಲ. 1997ರಲ್ಲಿ ಸೇವೆಯಿಂದ ನಿವೃತ್ತವಾದ ವಿಕ್ರಾಂತ್ ಯುದ್ಧನೌಕೆ ಮುಂಬೈಯಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿತ್ತು. ಉಳಿಸಿಕೊಳ್ಳಿ ಎಂದು ಜನ ಸುಪ್ರೀಂ ಕೋರ್ಟಿನವರೆಗೂ ಹೋದರು. ಆದರೂ 2014ರಲ್ಲಿ ಅದು ಗುಜರಿಗೆ ಸೇರಿತು. ಅಮೆರಿಕದಲ್ಲಿ 1952ರಲ್ಲಿ ಅಟ್ಲಾಂಟಿಕ್ ದಾಟುವ ವೇಗದ ದಾಖಲೆ ಬರೆದ ‘ಯುನೈಟೆಡ್ ಸ್ಟೇಟ್ಸ್’ ಎಂಬ ಪ್ರಯಾಣಿಕ ಹಡಗನ್ನು ಅಭಿಮಾನಿಗಳ ಸಂಸ್ಥೆಯೊಂದು 2011ರಲ್ಲಿ ಕೊಂಡು ವರ್ಷಗಟ್ಟಲೆ ಕಾಪಾಡಿತು. ನಿಲುಗಡೆಯ ಬಾಡಿಗೆಯ ವ್ಯಾಜ್ಯದಲ್ಲಿ ಜಾಗ ತಪ್ಪಿತು. ಕೊನೆಗೆ ಮೀನುಗಳಿಗೆ ನೆಲೆಯಾಗಲೆಂದು ಫ್ಲಾರಿಡಾದ ಕಡಲಲ್ಲಿ ಮುಳುಗಿಸಲು ಕೊಟ್ಟರು, 2025ರ ಫೆಬ್ರವರಿಯಲ್ಲಿ ಅದು ಫಿಲಡೆಲ್ಫಿಯಾ ಬಿಟ್ಟಿತು. ನಮ್ಮ ಕಾರವಾರದ ಪುಣ್ಯ ದೊಡ್ಡದು. ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿ ನೌಕೆ 2006ರಿಂದ ಮಕ್ಕಳನ್ನು ಒಳಗೆ ಕರೆಯುತ್ತಿದೆ. ಚನ್ನರಾಯಪಟ್ಟಣ, ಹಾಸನದ ಮೇಲೆ ಹೋಗುವ ಕಾರವಾರದ ರೈಲು ಹತ್ತಿದರೆ ನಮ್ಮ ಮಕ್ಕಳೂ ಅದನ್ನು ನೋಡಬಹುದು.

ಕಬ್ಬಿಣದ ಹಡಗಿಗೆ ಇರುವ ಗುಜರಿ ಬೆಲೆ ಶೆಟ್ಟಿಹಳ್ಳಿಯ ಚರ್ಚಿಗಿಲ್ಲ. ಹಾಗೆಂದು ಅದು ಸುಮ್ಮನೆ ಉಳಿಯುವುದೂ ಇಲ್ಲ. ಒಮ್ಮೆ ನೆನೆದು ಒಮ್ಮೆ ಒಣಗುವ ಆಟದಲ್ಲಿ ಗಾರೆಯ ಕಸುವು ಕರಗುತ್ತಿದೆ, ಗೋಡೆಯ ತಲೆಯ ಮೇಲೆ ಅರಳಿ, ಆಲದಂಥ ಗಿಡ ಬೇರಿಳಿಸಿದರೆ ಇಟ್ಟಿಗೆ ಸೀಳಿಕೊಳ್ಳುತ್ತದೆ. ಭಾಗ ಭಾಗವಾಗಿ ಈಗಾಗಲೇ ಕುಸಿದಿದೆ.

ಜನರೇ ಅದಕ್ಕೆ ಹೊಸ ಕೆಲಸ ಹಚ್ಚಿಬಿಟ್ಟಿದ್ದಾರೆ. ಭಾನುವಾರ ಮದುವೆಗೆ ಮುಂಚಿನ ಫೋಟೊಗಳಿಗೆ ಹುಡುಗಿಯರು ಉದ್ದ ಗೌನಿನ ಅಂಚು ಎತ್ತಿಕೊಂಡು ಕೆಸರು ದಾಟುತ್ತಾರೆ. ಹರಿಗೋಲಿನವರಿಗೆ ನಾಲ್ಕು ಕಾಸು ಸಿಗುತ್ತದೆ, ದಡದಲ್ಲಿ ಸೌತೆಕಾಯಿಗೆ ಉಪ್ಪುಖಾರ ಹಚ್ಚಿ ಮಾರುತ್ತಾರೆ. “ಗೋಡೆ ಹತ್ರ ಹೋಗ್ಬ್ಯಾಡಿ ಅಣ್ಣಾ, ಇಟ್ಟಿಗೆ ಯಾವಾಗ ಉದುರ್ತದೋ ಹೇಳಕ್ಕಾಗಲ್ಲ,” ಎಂದು ಹುಟ್ಟು ಹಿಡಿದವನು ಕೂಗುತ್ತಾನೆ. ಆ ಕೂಗಿನ ಹೊರತು ಅಲ್ಲಿ ಬೇರೆ ಕಾವಲು ನನಗೆ ಕಾಣಲಿಲ್ಲ.

ಚಾವಣಿ ಹೊದಿಸಿ ಹೊಸದು ಮಾಡಿ ಎಂದು ನಾನು ಕೇಳುವುದಿಲ್ಲ. ಹಾಗೆ ಮಾಡಿದರೆ ಶೆಟ್ಟಿಹಳ್ಳಿಯ ಕಥೆಯೇ ಅಳಿಸಿಹೋದೀತು. ನಿಂತಿರುವ ಗೋಡೆ ನಿಂತಂತೆ ನಿಲ್ಲಲಿ. ಸಿಮೆಂಟು ಮೆತ್ತುವುದು ಬೇಡ, ಅದು ಒಳಗಿನ ತೇವವನ್ನು ಹೊರಬಿಡದೆ ಹಳೆಯ ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಸುಣ್ಣದ ಗಾರೆಯೇ ಬೇಕು, ಅದನ್ನು ಅರೆದು ಹದ ಮಾಡಬಲ್ಲ ಕೈಗಳು ಬೇಕು. ದಡದಲ್ಲಿ ಒಂದು ಪುಟ್ಟ ಕೊಠಡಿ ಕಟ್ಟಿ ಮುಳುಗಿದ ಊರುಗಳ ಹೆಸರು, ನಕಾಶೆ, ಅಲ್ಲಿಂದ ಎದ್ದುಬಂದ ಹಿರಿಯರ ನೆನಪು ಇಡಬೇಕು. ಆ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು. ಹರಿಗೋಲಿನವರಿಗೆ ಜೀವರಕ್ಷಕ ಜಾಕೆಟು ಕೊಟ್ಟು, ಅವರನ್ನೇ ಕಾವಲಿಗೂ ನೇಮಿಸಬಹುದು. ನೀರಿಳಿದು ಬುಡ ಒಣಗುವುದು ಬೇಸಿಗೆಯ ಕೆಲವೇ ತಿಂಗಳು. ಗಾರೆಯ ಕೆಲಸ ಆ ತಿಂಗಳುಗಳಲ್ಲೇ ಮುಗಿದು, ಜೂನ್ ಮಳೆ ಹಿಡಿಯುವ ಮುಂಚೆ ಗಟ್ಟಿಯಾಗಬೇಕು.